ನಾಗು, ನಿನ್ನ ಸಿನಿಮಾದ ಹುಡುಗಿ ದೊಡ್ಡವಳಾದಳು

ನನ್ನ ಜೊತೆಗಾತಿ ನಾಗುಗೆ,

ನಿನಗೆ ಕಾಗದ ಬರೆಯೋ ಕಾಲ ಬರುತ್ತೆ ಅಂತ ಯಾವತ್ತಾದರೂ ಅಂದುಕೊಂಡಿದ್ದೆನಾ? ಒಂದೇ ಊರಲ್ಲಿ ಹುಟ್ಟಿ, ಒಂದೇ ಬೆಂಚಲ್ಲಿ ಕೂತು, ಈ ವಯಸ್ಸಿಗೂ ದಿನ ಬಿಟ್ಟು ದಿನ ಮುಖ ನೋಡುತ್ತಿದ್ದವರಿಗೆ ಕಾಗದ ಯಾತಕ್ಕೆ? ನಿನ್ನ ನಂಬರು ಫೋನಲ್ಲಿ ಇನ್ನೂ ಇಟ್ಟುಕೊಂಡಿದ್ದೀನಿ. ಒತ್ತಿದರೆ ಯಾವಳೋ ಹೆಂಗಸಿನ ರೆಕಾರ್ಡು ಮಾತು ಕೇಳಿಸುತ್ತೆ. ಅವಳ ಹತ್ತಿರ ಇದನ್ನೆಲ್ಲ ಹೇಳೋಕಾಗುತ್ತಾ? ಅದಕ್ಕೇ ಕೂತಿದ್ದೀನಿ. ದಿನವೆಲ್ಲ ಬಸ್ಸಲ್ಲಿ ಟಿಕೆಟ್ ಮಿಷನ್ ಒತ್ತಿ ಒತ್ತಿ ಪೆನ್ನು ಹಿಡಿಯೋದೇ ಮರೆತಿದೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಮಂಡ್ಯದ ಆಸ್ಪತ್ರೆಯಲ್ಲಿ ನಿನ್ನ ಕೈಗೆ ಡ್ರಿಪ್ ಹಾಕಿದ್ದಾಗ ನೀನು ಕೇಳಿದ್ದು ರಕ್ತದ ರಿಪೋರ್ಟಿನ ಮಾತಲ್ಲ. ‘ಸೀಲಾ, ಕೊಪ್ಪದ ರಸ್ತೇಲಿ ಕಬ್ಬು ಕಡಿದ್ಬುಟ್ರೇನೇ?’ ಅಂದೆ. ಮೈಯೆಲ್ಲ ಸುಡುತ್ತಿತ್ತು. ಡೆಂಗಿ ಜ್ವರ ಇವತ್ತು ಬಂದು ನಾಳೆ ಹೋಗುತ್ತೆ ಅಂತ ನಾವೆಲ್ಲ ಧೈರ್ಯವಾಗಿದ್ದೆವು. ‘ಇನ್ನೂ ನಿಂತದೆ, ನೀನು ಮಲ್ಕೋ’ ಅಂದೆ. ‘ಕಡಿಯಾಕ್ ಮುಂಚೆ ಆ ಕೊನೇ ಸೀನ್ ತೆಗೀಬೇಕು ಕಣೇ. ಕಡಿದ್ರೆ ರಸ್ತೆ ಬೋಳಾಯ್ತದೆ’ ಅಂದು ಗೋಡೆ ಕಡೆ ತಿರುಗಿದೆ. ಅಷ್ಟೇ. ಆಮೇಲೆ ನಿನ್ನನ್ನು ಒಳಗಿನ ವಾರ್ಡಿಗೆ ಕರೆದುಕೊಂಡು ಹೋದರು. ನಾನು ಯೂನಿಫಾರಮ್ಮಿನಲ್ಲೇ ಬಾಗಿಲ ಹೊರಗೆ ನಿಂತಿದ್ದೆ. ನಿಂತೇ ಇದ್ದೆ...

ಆ ಕೊನೇ ಸೀನು ಯಾವುದು ಅಂತ ಇಡೀ ಪ್ರಪಂಚದಲ್ಲಿ ನನ್ನಷ್ಟು ಗೊತ್ತಿದ್ದವರು ಯಾರಿದ್ದರು? ನಿಮ್ಮಪ್ಪನ ಸೈಕಲ್ಲು, ನೀನು ಕಂಬಿಯ ಒಳಗೆ ಕಾಲು ತೂರಿಸಿ ವಾಲಾಡಿಕೊಂಡು ತುಳಿಯೋದು, ನಾನು ಇಬ್ಬರ ಬ್ಯಾಗೂ ತಬ್ಬಿಕೊಂಡು ಹಿಂದೆ ಕ್ಯಾರಿಯರ್ ಮೇಲೆ ಕೂರೋದು. ನಮ್ಮೂರಿಂದ ಕೊಪ್ಪದ ಹೈಸ್ಕೂಲಿಗೆ ಹಾಗೇ ಹೋಗುತ್ತಿದ್ದೆವು. ಎಂಟನೇ ಕ್ಲಾಸಲ್ಲಿ ನೀನು ಮೈನೆರೆದೆ. ಅಂಗಳದಲ್ಲಿ ಸೊಪ್ಪಿನ ಗುಡ್ಲು ಹಾಕಿ ಅದರೊಳಗೆ ನಿನ್ನನ್ನು ಕೂರಿಸಿದರು. ಆರತಿ ಮುಗಿದ ಮೇಲೂ ನೀನು ಸ್ಕೂಲಿಗೆ ಬರಲಿಲ್ಲ. ನಿಮ್ಮವ್ವ ಸೈಕಲ್ಲನ್ನು ಹಿತ್ತಿಲಿಗೆ ತಳ್ಳಿಕೊಂಡು ಹೋಗಿ, ‘ಎಣ್ಣು ಮಗ ಇನ್ನು ಸೈಕಲ್ ತುಳಿಯಂಗಿಲ್ಲ’ ಅಂದುಬಿಟ್ಟರು. ಕೊನೆಗೆ ಮೇಷ್ಟ್ರು ಮನೆ ಬಾಗಿಲಿಗೆ ಬಂದು ಬೈದ ಮೇಲೆ ನಿನ್ನನ್ನು ಕಳಿಸಿದರು, ನಡೆದುಕೊಂಡು ಹೋಗೋದಾದರೆ ಮಾತ್ರ. ನಿನ್ನ ಜೊತೆ ನಾನೂ ನಡೆದೆ. ಎರಡೂ ಕಡೆ ತಲೆ ಮೇಲಕ್ಕೆ ಕಬ್ಬು. ಅವತ್ತು ಇಬ್ಬರೂ ಏನು ಮಾತಾಡಿದೆವು ಅಂತ ನನಗೆ ನೆನಪಿಲ್ಲ. ನಿನಗೂ ಇರಲಿಲ್ಲ. ಅದೇ ನಿನ್ನ ಸಿನಿಮಾದ ಕೊನೆ.

ಮದ್ದೂರಿನ ನಿನ್ನ ಸ್ಟುಡಿಯೋದಲ್ಲಿ ಟೀ ಕುಡಿಯುತ್ತಾ ನೀನು ಮೊದಲ ಸಲ ಈ ವಿಷಯ ತೆಗೆದಾಗ ನಾನು ನಕ್ಕಿದ್ದೆ. ಮದುವೆ, ನಾಮಕರಣ, ಹುಡುಗಿ ನೆರೆದ ಒಸಗೆ ಅಂತ ಊರೂರು ತಿರುಗಿ ವಿಡಿಯೋ ಮಾಡುತ್ತಿದ್ದವಳು ನೀನು. ‘ಎಷ್ಟ್ ಎಣ್ಣೈಕ್ಳ ಆರತಿ ತೆಗ್ದಿದ್ದೀನೋ ಕಣೇ. ಎಲ್ಲಾರ ಮೊಖಾನೂ ಒಂದೇ ತರ. ಅದ್ಕ ಮುಂಚೆ ಅವು ಎಂಗಿದ್ವು ಅಂತ ಯಾರೂ ತೆಗ್ದಿಲ್ಲ’ ಅಂದೆ. ‘ಇಬ್ರು ಎಣ್ಣೈಕ್ಳು ಇಸ್ಕೂಲ್ಗೆ ಓಗಾದ್ನ ಯಾರ್ ನೋಡಾರು?’ ಅಂತ ನಾನು ಕೇಳಿದೆ. ಮದುವೆ ತೆಗೆಯೋ ಕ್ಯಾಮೆರಾವೇ ಸಿನಿಮಾ ಕ್ಯಾಮೆರಾ ಆಯಿತು. ನಿನ್ನ ಅಸಿಸ್ಟೆಂಟ್ ಮಂಜು ಕ್ಯಾಮೆರಾಮನ್ ಆದ. ಬಿದಿರು ಗಳದ ತುದಿಗೆ ಮೈಕು ಕಟ್ಟಿ, ನನ್ನ ವಾರದ ರಜೆ ದಿನ ನನ್ನ ಕೈಗೆ ಕೊಟ್ಟೆ. ತೋಳು ನೋಯುತ್ತೆ ಅಂದರೆ, ‘ದಿನಾ ಬಸ್ಸಲ್ಲಿ ಕಂಬಿ ಹಿಡ್ಕಂಡ್ ನೇತಾಡಾಕಿಲ್ವಾ, ಹಿಡ್ಕೋ’ ಅಂತಿದ್ದೆ.

ಹಲಗೂರಿನ ಮಕ್ಕಳು ಬರೋ ಮಳವಳ್ಳಿ ಸ್ಕೂಲಲ್ಲಿ ಹುಡುಗಿಯರನ್ನು ಆರಿಸಿದ ದಿನ ನಿನ್ನ ಕಣ್ಣು ಹೇಗಿತ್ತು ಅಂತ ನಾನು ಮರೆತಿಲ್ಲ. ಇಬ್ಬಿಬ್ಬರನ್ನು ನಿಲ್ಲಿಸಿ ‘ಜಗಳ ಆಡಿ ನೋಡಾಣ’ ಅಂದೆ. ಎಲ್ಲ ಮಕ್ಕಳೂ ಟೀವೀಲಿ ನೋಡಿದಂತೆ ಕಿರುಚಾಡಿದವು. ಪಲ್ಲವಿ ಮಾತ್ರ ಸುಮ್ಮನೆ ನಿಂತಿದ್ದಳು. ‘ಯಾಕವ್ವ?’ ಅಂದರೆ, ‘ಸುಮ್ಸುಮ್ನೆ ಎಂಗ್ ಜಗ್ಳ ಆಡದು ಮಿಸ್? ಚೈತ್ರ ಏನಾರ ಮಾಡ್ಬೇಕಲ್ವಾ?’ ಅಂದಳು. ಪಕ್ಕದಲ್ಲಿದ್ದ ಚೈತ್ರ, ‘ನಾನೇನ್ ಮಾಡಾನೆ?’ ಅಂತ ಅಲ್ಲೇ ಶುರು ಮಾಡಿದಳು, ನಿಜವಾದ ಜಗಳ. ನೀನು ನನ್ನ ಮೊಣಕೈ ತಿವಿದೆ. ಪಲ್ಲವಿ ನೀನಾದಳು, ಚೈತ್ರ ನಾನಾದಳು. ಪಲ್ಲವಿಗೆ ತಾಯಿ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಶೂಟಿಂಗ್ ದಿನ ನೀನೇ ಅವಳಿಗೆ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದೆ. ಬೇರೆ ಯಾರ ಕೈಗೂ ಅವಳು ತಲೆ ಕೊಡುತ್ತಿರಲಿಲ್ಲ.

ನಿನ್ನನ್ನು ಮಣ್ಣು ಮಾಡಿ ಬಂದ ದಿನ ನಿಮ್ಮವ್ವ ಸ್ಟುಡಿಯೋಗೆ ಬೀಗ ಹಾಕಿಸಿದರು. ‘ನನ್ ಮಗ್ಳ ತಿಂದಿದ್ದು ಆ ಸಿನಿಮಾ ಕಣವ್ವ. ಗದ್ದೆ ಬದೀಲಿ, ನೀರಲ್ಲಿ, ಸೊಳ್ಳೇಲಿ ನಿಂತ್ಕಂಡ್ ನಿಂತ್ಕಂಡ್... ಅದೂ ಯಾತಕ್ಕ? ನನ್ ಮಾನ ಕಳ್ಯಾಕೆ’ ಅಂದರು. ನೀವಿಬ್ಬರೂ ಆ ವರ್ಷ ಸರಿಯಾಗಿ ಮಾತಾಡಿರಲಿಲ್ಲ ಅಲ್ವಾ? ಮಗಳು ತೆಗೆಯೋ ಸಿನಿಮಾದಲ್ಲಿ ತಾನೇ ಕೆಟ್ಟವಳು ಅಂತ ಯಾರೋ ಅವರ ಕಿವಿಗೆ ಹಾಕಿದ್ದರು. ತೆಗೆದದ್ದೆಲ್ಲ ಮಂಜುವಿನ ಹತ್ತಿರ ಹಾರ್ಡ್ ಡಿಸ್ಕಿನಲ್ಲಿ ಇತ್ತು. ‘ಅಕ್ಕ, ಕೊನೇ ಸೀನ್ ಒಂದಿಲ್ಲ ಅಷ್ಟೇ. ನೀವ್ ನಿಂತ್ರೆ ಮುಗಿಸ್ಬೋದು’ ಅಂದ. ನನಗೆ ಏನು ಬರುತ್ತೆ? ‘ಮುಂದಕ್ಕೆ ಹೋಗಿ, ಒಳಗೆ ನಡೀರಿ’ ಅನ್ನೋದು ಬರುತ್ತೆ. ಆದರೆ ಆ ರಸ್ತೇಲಿ ನಡೆದವಳು ನಾನಲ್ಲದೆ ಇನ್ಯಾರು ಉಳಿದಿದ್ದರು?

ಹಲಗೂರಿಂದ ಮಳವಳ್ಳಿ ಕಡೆಗೆ ಹೊರಟ ಬೆಳಗಿನ ಟ್ರಿಪ್ಪಿನಲ್ಲಿ ಚೈತ್ರ ಒಬ್ಬಳೇ ಹತ್ತಿದಳು. ಬಸ್ಸು ಗಿಜಿಗಿಜಿ ಅಂತಿತ್ತು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಕಾಲಿಡೋಕೆ ಜಾಗವಿಲ್ಲ, ನಿನಗೆ ಗೊತ್ತಲ್ಲ. ಅವಳು ಜನರ ನಡುವೆ ನುಗ್ಗಿ ನನ್ನ ಹತ್ತಿರ ಬಂದು, ‘ಸೀಲಕ್ಕ, ಪಲ್ಲು ಗುಡ್ಲಲ್ಲಿ ಕುಂತವ್ಳೆ’ ಅಂದಳು. ‘ಆಗ್ಲಿ, ಒಳ್ಳೇದೇ ಅಲ್ವಾ. ಆರತಿ ಆದ್ಮೇಲೆ ಬತ್ತಾಳೆ’ ಅಂದೆ. ಹುಡುಗಿ ಅತ್ತಿತ್ತ ನೋಡಿ ನನ್ನ ಕಿವಿಗೆ ಬಾಯಿಟ್ಟಳು. ‘ಬರಾಕಿಲ್ಲ ಅಕ್ಕ. ಅವ್ರ ಸಿವರಾಜ್ ಮಾವಂಗೆ ಕೊಡ್ತಾರಂತೆ. ಆರತಿ ದಿನಾನೇ ತಾಂಬೂಲ ಬದಲಾಯಿಸ್ಕತಾರಂತೆ. ನಮ್ಮವ್ವ ಹೇಳ್ತಿತ್ತು.’ ನಾನು ವಿಷಲ್ ಊದೋದು ಮರೆತೆ. ಡ್ರೈವರಣ್ಣ ಹಿಂದೆ ತಿರುಗಿ, ‘ಏನವ್ವ, ಓಗಾನೋ ಇಲ್ಲೇ ಇರಾನೋ?’ ಅಂದ.

ಪಲ್ಲವಿಯ ಮನೆಗೆ ಹೋದಾಗ ಜಗಲಿ ಮೇಲೆ ಅವಳ ಅಜ್ಜಿ ಕೆಂಪಮ್ಮ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಕೂತಿದ್ದರು. ಒಳಗೆಲ್ಲ ರೇಷ್ಮೆಹುಳುವಿನ ವಾಸನೆ. ಅಂಗಳದ ಮೂಲೆಯಲ್ಲಿ ಹಸಿರು ಗುಡ್ಲು, ಅದರ ಸಂದಿಯಲ್ಲಿ ಎರಡು ಕಣ್ಣು. ನಾನು ಸಿನಿಮಾ ಅಂತ ಬಾಯಿ ತೆರೆಯೋ ಮೊದಲೇ ಅಜ್ಜಿ ಕತ್ತಿ ಕೆಳಗಿಟ್ಟರು. ‘ಅದೆಲ್ಲ ಮುಗೀತು ಕಣವ್ವ. ಚಿಕ್ಕುಡ್ಗಿ ಆಡ್ಕಂಡ್ಲು, ನಾವೂ ಬುಟ್ಟೋ. ಇನ್ನು ನೆರೆದಿರೋ ಎಣ್ಣ ಕ್ಯಾಮ್ರಾ ಮುಂದ ಕುಣಿಸಾಕಿಲ್ಲ.’ ‘ಸ್ಕೂಲು?’ ಅಂದೆ. ‘ನೋಡಾನ’ ಅಂದರು. ಆ ‘ನೋಡಾನ’ ಇದೆಯಲ್ಲ ನಾಗು, ನಿಮ್ಮವ್ವನೂ ಅವತ್ತು ಅದನ್ನೇ ಅಂದಿದ್ದರು. ನಾನು ತಡೆಯಲಾರದೆ ಮದುವೆ ವಿಷಯ ಕೇಳಿಯೇಬಿಟ್ಟೆ. ಕೆಂಪಮ್ಮ ಸಿಟ್ಟಾಗಲಿಲ್ಲ. ‘ತಾಯಿಲ್ದ ಮಗ. ನಾನ್ ಕಣ್ಮುಚ್ಚಿದ್ರೆ ಯಾರವ್ರೆ ಅದ್ಕ? ಅವ್ಳ ತಾಯ್ ತಮ್ಮ, ನಮ್ಮ ಕಣ್ಮುಂದ ಬೆಳೆದೋನು. ಗೊತ್ತಿಲ್ದೋರ್ ಮನೆಗೆ ನೂಕಾದ್ಕಿಂತ ವಾಸಿ ಅಲ್ವಾ? ಈಗ ಮಾತು, ಮದ್ವೆ ಆಮ್ಯಾಕೆ’ ಅಂದರು. ಪಲ್ಲವಿಯ ಅಪ್ಪ ರಾಜಣ್ಣ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ.

ಎದ್ದು ಹೊರಟವಳನ್ನು ಅಜ್ಜಿಯೇ ಕೂಗಿ ನಿಲ್ಲಿಸಿದರು. ‘ನಿಮ್ ಉಡ್ಗ ಆರ್ತಿಗೆ ವಿಡಿಯೋ ಮಾಡ್ಕೊಟ್ಟಾನಾ? ಗುರ್ತಿರೋನು, ಚೆನ್ನಾಗ್ ತೆಗಿತಾನೆ’ ಅಂದರು. ನಗಬೇಕೋ ಅಳಬೇಕೋ ಹೇಳು? ಗುಡ್ಲು ಕಡೆ ನೋಡಿದೆ. ಸೊಪ್ಪು ಒಂಚೂರು ಅಲುಗಿತು. ‘ಮಾಡ್ಕೊಡ್ತಾನೆ’ ಅಂದೆ.

ಮಂಜುಗೆ ಹೇಳಿದಾಗ ಅವನ ಮುಖ ಅರಳಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ‘ಅಕ್ಕ, ರಸ್ತೆ ಸೀನ್ ಸಿಗದಿದ್ರೆ ಇದ್ನೇ ಕೊನೆ ಮಾಡ್ಬೋದು. ನಿಜವಾದ ಆರತಿ, ನಿಜವಾದ ಮುಖ. ನಾಗಕ್ಕ ಇದ್ದಿದ್ರೆ...’ ಅಂದ. ‘ನಾಗಕ್ಕ ಇದ್ದಿದ್ರೆ ನಿನ್ನ ಕಪಾಳಕ್ಕೆ ಬಾರಿಸ್ತಿದ್ಲು’ ಅಂದೆ. ‘ಆ ಮಗ ಅಲ್ಲಿ ನಟನೆ ಮಾಡ್ತಾ ಇರಾಕಿಲ್ಲ ಕಣಪ್ಪ. ಅವ್ಳ ಕಷ್ಟವ ಕದ್ದು ಸಿನಿಮಾ ಮಾಡಾಕಾಯ್ತದಾ?’ ಮಂಜು ತಲೆ ತಗ್ಗಿಸಿದ. ಆದರೂ ಕ್ಯಾಮೆರಾ ತೆಗೆದುಕೊಂಡು ಹೋಗೋದು ಅಂತ ಇಬ್ಬರೂ ತೀರ್ಮಾನ ಮಾಡಿದೆವು. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಮನೆಯೊಳಗೆ ಹೋಗೋಕೆ ನಮಗಿದ್ದ ಬಾಗಿಲು ಅದೊಂದೇ. ಆರತಿ ದಿನ ಬೆಳಗ್ಗೆ ಹೋಗೋ ಮುಂಚೆ ಮಳವಳ್ಳಿಯಲ್ಲಿ ಇಳಿದು, ಮಕ್ಕಳ ವಿಷಯ ನೋಡಿಕೊಳ್ಳೋ ಮೇಡಂ ಒಬ್ಬರಿಗೆ ಎಲ್ಲ ಹೇಳಿದೆ. ಅವರು ಬೇರೊಂದು ಊರಿಗೆ ಹೋಗಬೇಕಿತ್ತು. ‘ಸಂಜೆಯೊಳಗೆ ಬರ್ತೀನಿ. ಅಷ್ಟರಲ್ಲಿ ಮಾತು ಮುಂದುವರೆಯದ ಹಾಗೆ ನೋಡ್ಕೊಳಿ’ ಅಂದರು. ಮಾತು ಮುಂದುವರೆಯದ ಹಾಗೆ ನಾನು ಹೇಗೆ ನೋಡಿಕೊಳ್ಳಲಿ?

ಆರತಿಯ ದಿನ ಪಲ್ಲವಿಯನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ ಕಣೇ. ರೇಷ್ಮೆ ಸೀರೆ, ತಲೆ ತುಂಬ ಹೂವು, ಮಡಿಲಲ್ಲಿ ಎಳ್ಳಿನ ಚಿಗಳಿ ಉಂಡೆ, ಕೊಬ್ಬರಿ. ಶಾಮಿಯಾನದ ಕೆಳಗೆ ನೆಂಟರು ತುಂಬಿದ್ದರು. ಚೈತ್ರಳನ್ನು ಹತ್ತಿರ ಬಿಟ್ಟಿರಲಿಲ್ಲ, ಹಿಂದೆ ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದಳು. ಮಂಜು ಲೈಟ್ ಹಾಕಿ ತೆಗೆಯುತ್ತಿದ್ದ. ಮುತ್ತೈದೆಯರು ಒಬ್ಬೊಬ್ಬರೇ ಬಂದು ಆರತಿ ಎತ್ತಿದರು, ಹಾಡು ಹೇಳಿದರು. ನಾನು ಗೇಟಿನ ಕಡೆ ನೋಡೋದು, ಪಲ್ಲವಿಯ ಕಡೆ ನೋಡೋದು. ಮೇಡಂ ಬರಲಿಲ್ಲ. ಊಟದ ಎಲೆ ಹಾಕೋ ಮುಂಚೆ ಶಿವರಾಜನ ಕಡೆಯ ಹಿರಿಯರೊಬ್ಬರು ಹೆಗಲ ಟವೆಲ್ ಕೊಡವಿಕೊಂಡು ಎದ್ದರು. ‘ಎಲ್ಲಾ ಸೇರೀವಿ. ಒಂದ್ ಕಾಯಿ ಬದಲಾಯಿಸ್ಕಂಡು ಸಾಸ್ತ್ರ ಮುಗಿಸ್ಬುಡಾನ’ ಅಂದರು. ಒಳಗಿಂದ ತಟ್ಟೆ ಬಂತು. ಎಲೆ, ಅಡಿಕೆ, ತೆಂಗಿನಕಾಯಿ.

ಕೆಂಪಮ್ಮ ತಕ್ಷಣ ಮಂಜು ಕಡೆ ತಿರುಗಿದರು. ‘ನೀನು ಅದ ಆರುಸಪ್ಪ. ಓಗಿ ಊಟಕ್ ಕುಂತ್ಕೋ.’ ಹದಿನೆಂಟು ತುಂಬದ ಹುಡುಗಿಗೆ ಇಂಥ ಮಾತುಕತೆ ಮಾಡಿದರೆ ಕೇಸಾಗುತ್ತೆ ಅಂತ ಈಗ ಎಲ್ಲರಿಗೂ ಗೊತ್ತು. ಆ ತಟ್ಟೆ ವಿಡಿಯೋದಲ್ಲಿ ಬರಬಾರದಿತ್ತು. ಮಂಜು ನನ್ನ ಮುಖ ನೋಡಿದ. ಅವನ ಬೆರಳು ಬಟನ್ ಮೇಲಿತ್ತು. ಆಗ ನನಗೆ ಥಟ್ಟನೆ ಹೊಳೆಯಿತು ನಾಗು, ಕ್ಯಾಮೆರಾ ತಂದದ್ದು ಯಾಕೆ ಅಂತ. ‘ಆರಿಸ್ಬೇಡ ಮಂಜು’ ಅಂದೆ. ಬಸ್ಸಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು, ಶಾಮಿಯಾನದ ಆ ತುದಿವರೆಗೂ ಕೇಳಿಸಿತು.

ಹಾಡು ನಿಂತಿತು. ಶಿವರಾಜ ಎದ್ದು ನೇರ ಕ್ಯಾಮೆರಾ ಹತ್ತಿರ ಬಂದ. ಅವನು ಪುಂಡನಲ್ಲ, ಮರ್ಯಾದಸ್ಥ. ಅದೇ ನನಗೆ ಇನ್ನೂ ಭಯ ಆಗಿದ್ದು. ‘ಅಕ್ಕ, ಇದು ನಮ್ಮನೆ ಇಚಾರ. ಸುಮ್ನೆ ಗಲಾಟೆ ಮಾಡ್ಬ್ಯಾಡಿ’ ಅಂದು ಅಂಗೈಯನ್ನು ಲೆನ್ಸಿಗೆ ಅಡ್ಡ ಹಿಡಿದ. ‘ನಿಮ್ಮನೆ ವಿಚಾರಕ್ಕೇ ಅಲ್ವಪ್ಪ ನಮ್ಮ ಕರೆಸಿದ್ದು?’ ಅಂದೆ. ‘ತಟ್ಟೆ ಹಿಡ್ಕಳಿ. ಯಾರ್ ಕೊಡ್ತೀರಿ, ಯಾರ್ ಇಸ್ಕೋತೀರಿ, ಈ ಕಡೆ ಮುಖ ಮಾಡಿ ನಿಂತ್ಕಳಿ. ಚೆನ್ನಾಗ್ ಬತ್ತದೆ.’ ಯಾರೂ ಮುಂದೆ ಬರಲಿಲ್ಲ. ತಟ್ಟೆ ಹಿಡಿದಿದ್ದ ಹೆಂಗಸು ಅದನ್ನು ಪಕ್ಕದವರಿಗೆ ಕೊಡೋಕೆ ಹೋದಳು, ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಹಿಂದಿನಿಂದ ಯಾರೋ ‘ಒದ್ದು ಆಚೆಗಾಕ್ರಲಾ ಇವ್ರ’ ಅಂದರು. ಕುರ್ಚಿಗಳು ಸರಿದ ಸದ್ದು. ಮಂಜುವಿನ ಹಣೆಯಿಂದ ಬೆವರು ಇಳಿಯುತ್ತಿತ್ತು, ಆದರೂ ಅವನು ಅಲುಗಲಿಲ್ಲ.

ಆಗ ಪಲ್ಲವಿ ಮಾತಾಡಿದಳು. ಕೂಗಲಿಲ್ಲ, ಅಳಲಿಲ್ಲ. ನೀನು ಅವಳಿಗೆ ಶೂಟಿಂಗಿನಲ್ಲಿ ‘ಜೋರಾಗಿ ಹೇಳಬೇಡ, ನನಗೆ ಹೇಳು’ ಅಂತಿದ್ದೆಯಲ್ಲ, ಹಾಗೆ. ‘ಮಾವ, ಕೈ ತೆಗಿ. ನನ್ ಮೊಖ ಕಾಣಾಕಿಲ್ಲ’ ಅಂದಳು. ಶಿವರಾಜ ತಿರುಗಿ ನೋಡಿದ. ಎತ್ತಿ ಆಡಿಸಿದ ಅಕ್ಕನ ಮಗಳು. ಏನನ್ನಿಸಿತೋ, ಕೈ ತಾನಾಗಿ ಕೆಳಗಿಳಿಯಿತು. ಹುಡುಗಿ ನೇರ ಲೆನ್ಸು ನೋಡಿದಳು. ‘ನಾನು ಎಂಟ್ನೇ ಕ್ಲಾಸು. ನಾನು ಇಸ್ಕೂಲ್ಗೆ ಓಯ್ತೀನಿ’ ಅಂದಳು. ಅಷ್ಟೇ ಅಂದದ್ದು. ಬಾಗಿಲಲ್ಲಿ ನಿಂತಿದ್ದ ರಾಜಣ್ಣ ಜನರ ನಡುವೆ ನಡೆದು ಬಂದು, ಆ ಹೆಂಗಸಿನ ಕೈಯಿಂದ ತಟ್ಟೆ ಇಸಿದುಕೊಂಡ. ಕೊಡೋಕೆ ಅಂತ ಎಲ್ಲರೂ ಅಂದುಕೊಂಡರು. ಅವನು ಅದನ್ನು ಒಳಗೆ ದೇವರ ಮುಂದೆ ಇಟ್ಟು ಹೊರಗೆ ಬಂದ. ‘ಮಗ ಓದ್ಲಿ. ಎಲ್ಲಾರೂ ಊಟಕ್ ಏಳಿ’ ಅಂದ. ಕೆಂಪಮ್ಮ ‘ರಾಜಾ!’ ಅಂತ ಕೂಗಿದರು. ಅವನು ತಿರುಗಿ ನೋಡದೆ ಎಲೆ ಹಾಕೋಕೆ ಹೋದ.

ಅವತ್ತು ಸಂಜೆ ಬಂದ ಮೇಡಂ ಹದಿನೆಂಟು ತುಂಬೋ ತನಕ ಮದುವೆ ಮಾತಿಲ್ಲ ಅಂತ ರಾಜಣ್ಣನ ಹತ್ತಿರ ಬರೆಸಿಕೊಂಡು, ಎಲ್ಲರಿಗೂ ತಿಳಿಯ ಹೇಳಿ ಹೋದರು. ಶಿವರಾಜನ ಕಡೆಯವರು ಊಟ ಮಾಡದೆ ಎದ್ದಿದ್ದರು. ಎಲ್ಲ ಅಲ್ಲಿಗೇ ಮುಗಿಯಿತಾ? ಎಲ್ಲಿ ಮುಗಿಯುತ್ತೆ? ನಾನು ಡ್ಯೂಟಿ ಬಿಟ್ಟು ಸಿನಿಮಾ ಮಾಡ್ತೀನಿ, ಊರ ಮನೆ ಒಡೀತೀನಿ ಅಂತ ಡಿಪೋಗೆ ಯಾರೋ ದೂರು ಕೊಟ್ಟರು. ರಜೆ ಹಾಕಿ ಹೋಗಿದ್ದೆ ಅಂತ ತೋರಿಸಿ, ಬರೆದುಕೊಟ್ಟು ಬಂದೆ. ಎಷ್ಟೋ ದಿನ ಹಲಗೂರು ಸ್ಟಾಪಿನಲ್ಲಿ ಬಸ್ಸು ನಿಂತರೆ ಇಳಿಯೋಕೇ ಹೆದರುತ್ತಿದ್ದೆ. ಅಂಗಡಿ ಮುಂದೆ ಕೂತವರು ಮಾತು ನಿಲ್ಲಿಸಿ ನೋಡೋರು. ಕೆಂಪಮ್ಮ ಮಗನ ಜೊತೆ ಮಾತು ಬಿಟ್ಟರು. ಆದರೆ ಒಂದು ಬೆಳಗ್ಗೆ ಚೈತ್ರಳ ಹಿಂದೆ ಇನ್ನೊಂದು ಬ್ಯಾಗು ಬಸ್ಸು ಹತ್ತಿತು ನಾಗು. ಪಲ್ಲವಿ. ‘ಆಧಾರ್ ಕಾರ್ಡ್ ತೋರಿಸವ್ವ’ ಅಂದೆ. ‘ಮರ್ತ್ ಬಂದೆ ಸೀಲಕ್ಕ’ ಅಂದಳು. ಅವಳ ಟಿಕೆಟ್ಟಿನ ದುಡ್ಡು ನಾನೇ ಹಾಕಿದೆ. ಅವತ್ತಿನ ಆ ವಿಡಿಯೋ ನಿನ್ನ ಸಿನಿಮಾದಲ್ಲಿ ಒಂದು ಚೂರೂ ಇಲ್ಲ, ಅದನ್ನು ನಿನಗೆ ಹೇಳಲೇಬೇಕು. ಮಂಜು ಅದನ್ನು ರಾಜಣ್ಣನ ಕೈಗೆ ಕೊಟ್ಟು ಬಂದ. ಅವನ ಮಗಳು, ಅವನಿಗೇ ಇರಲಿ.

ರಾಜಣ್ಣ ಬಸ್‌ಸ್ಟಾಂಡಿಗೆ ಬಂದು ನನ್ನ ಮುಂದೆ ನಿಂತಾಗ ಕೊಪ್ಪದ ರಸ್ತೆಯ ಕಬ್ಬು ಕಡಿದು, ಕೂಳೆ ಮತ್ತೆ ಚಿಗುರಿ, ಆಳೆತ್ತರ ಆಗಿತ್ತು. ‘ಒಂದ್ ಜಿನ ಅಷ್ಟೇ ಅಕ್ಕ. ಎಲ್ಲಿಗ್ ಕರ್ಕಬರ್ಬೇಕು?’ ಅಂದ. ‘ನಿಮ್ಮವ್ವ?’ ಅಂದೆ. ‘ಅವ್ರೂ ಬತ್ತಾರಂತೆ. ಕಾಯಾಕೆ’ ಅಂದ. ಬಂದರು. ಕೆಂಪಮ್ಮ ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಕೂತು ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿದ್ದರು. ಪಲ್ಲವಿ ಚೈತ್ರಳಿಗಿಂತ ಒಂದು ತಲೆ ಎತ್ತರ ಬೆಳೆದುಬಿಟ್ಟಿದ್ದಾಳೆ. ಯೂನಿಫಾರಂ ಗಿಡ್ಡ ಆಗಿತ್ತು, ಮಂಜು ‘ಹಿಂದಿನ ಸೀನಿಗೆ ಹೊಂದಲ್ಲ’ ಅಂತ ಒದ್ದಾಡಿದ. ‘ಎರಡೂ ಸೀನಿನ ನಡುವೆ ಬೆಳೆದ್ಲು ಅಂತ ಅಂದ್ಕತಾರೆ ಬುಡು’ ಅಂದೆ. ಬೆಳೆಯೋದೇ ಅಲ್ವೇನೇ ನಿನ್ನ ಕತೆ? ಜಡೆ ಹಾಕೋಕೆ ನಾನು ಬಾಚಣಿಗೆ ಹಿಡಿದೆ. ಪಲ್ಲವಿ ಒಂದು ಗಳಿಗೆ ನನ್ನ ಕೈ ನೋಡಿ, ತಿರುಗಿ ಕೂತಳು. ಬೈತಲೆ ಸೊಟ್ಟ ಆಯಿತು.

ಇಬ್ಬರೂ ನಡೆದರು. ಮಾತು ಯಾರೂ ಬರೆದಿರಲಿಲ್ಲ. ‘ಏನಾರ ಮಾತಾಡ್ಕೊಂಡ್ ಓಗಿ’ ಅಂದಿದ್ದೆ. ನಾನು ಮೈಕಿನ ಗಳ ಹಿಡಿದು ಕಬ್ಬಿನ ಸಾಲಲ್ಲಿ ಬಗ್ಗಿಕೊಂಡು ಅವರ ಪಕ್ಕದಲ್ಲೇ ಹೋಗುತ್ತಿದ್ದೆ, ಗರಿ ಮುಖಕ್ಕೆ ಕುಯ್ಯುತ್ತಿತ್ತು. ಸ್ವಲ್ಪ ದೂರ ನಡೆದರು. ಆಮೇಲೆ ಚೈತ್ರ, ‘ನೋಯ್ತದೇನೇ?’ ಅಂದಳು. ‘ಏನು?’ ‘ಅದೇ.’ ‘ಹೊಟ್ಟೆ ನೋಯ್ತದೆ. ನಿಂಗೂ ಗೊತ್ತಾಯ್ತದೆ ಬುಡು.’ ‘ನಂಗ್ ಬ್ಯಾಡಪ್ಪ.’ ಪಲ್ಲವಿ ಕಿಸಕ್ಕನೆ ನಕ್ಕಳು. ‘ಬಿರ್ರನೆ ನಡಿ, ಬೆಲ್ ಹೊಡೀತದೆ’ ಅಂದು ಅವಳ ಕೈ ಹಿಡಿದು ಎಳೆದಳು, ಇಬ್ಬರೂ ಓಡಿದರು. ನಾವು ಅವತ್ತು ಮಾತಾಡಿದ್ದೂ ಇದನ್ನೇ ಇರಬಹುದಾ ನಾಗು? ನನಗೆ ಕಣ್ಣು ಮಂಜಾಗಿ ಕಾಲುವೆಗೆ ಕಾಲಿಟ್ಟೆ, ಮೈಕು ಮಾತ್ರ ನೆನೆಯೋಕೆ ಬಿಡಲಿಲ್ಲ.

ಕೊಪ್ಪದ ಸ್ಕೂಲಲ್ಲಿ ಹೋದ ಶನಿವಾರ ಮಧ್ಯಾಹ್ನ ನಿನ್ನ ಸಿನಿಮಾ ತೋರಿಸಿದೆವು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದೆವು. ನಿಮ್ಮವ್ವನನ್ನು ಕರೆಯೋಕೆ ಹೋದಾಗ, ‘ನನ್ ಬಾಯ್ಗೆ ಮಣ್ಣಾಕಿರಾದ ನಾನೇ ಬಂದ್ ನೋಡ್ಲಾ?’ ಅಂದು ಬಾಗಿಲು ಹಾಕಿಕೊಂಡಿದ್ದರು. ಬರಲ್ಲ ಅಂದುಕೊಂಡಿದ್ದೆ. ಶುರುವಾದ ಮೇಲೆ ಬಾಗಿಲು ಸಂದಿ ಮಾಡಿ ಒಳಗೆ ಬಂದು, ಹಿಂದಿನ ಗೋಡೆಗೆ ಒರಗಿ ನಿಂತರು. ಗುಡ್ಲು ಬಂತು, ಆರತಿ ಬಂತು. ಪರದೆ ಮೇಲಿನ ತಾಯಿ ‘ಇನ್ನು ಸೈಕಲ್ ತುಳಿಯಂಗಿಲ್ಲ’ ಅಂದಳು. ಕೂತಿದ್ದ ಊರವರು ಒಬ್ಬೊಬ್ಬರೇ ಹಿಂದೆ ತಿರುಗಿ ನಿಮ್ಮವ್ವನ ಮುಖ ನೋಡಿದರು. ಈಗ ಹೊರಟುಬಿಡುತ್ತಾರೆ, ಇನ್ನು ಈ ಜನ್ಮಕ್ಕೆ... ಅಂತ ನಾನು ಅಂದುಕೊಳ್ಳುವಾಗ ಮುಂದಿನ ಸೀನು ಬಂತು. ಅದನ್ನು ನಾನೂ ನೋಡಿರಲಿಲ್ಲ ಕಣೇ! ನಾನು ಡ್ಯೂಟಿಯಲ್ಲಿದ್ದ ದಿನ ತೆಗೆದಿದ್ದೆಯಂತೆ. ಮಂಜುವೂ ನನಗೆ ಹೇಳಿರಲಿಲ್ಲ.

ಪರದೆ ಮೇಲೆ ಆ ತಾಯಿ ಸೈಕಲ್ಲನ್ನು ಹಿತ್ತಿಲಿಗೆ ತಳ್ಳಿಕೊಂಡು ಹೋಗುತ್ತಾಳೆ. ಗೋಡೆಗೆ ಒರಗಿಸುತ್ತಾಳೆ. ಸುತ್ತ ನೋಡುತ್ತಾಳೆ, ಯಾರೂ ಇಲ್ಲ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಂಬಿಯ ಒಳಗೆ ಕಾಲು ತೂರಿಸಿ, ಒಂದು ತುಳಿತ ತುಳಿದೇಬಿಡುತ್ತಾಳೆ. ಎರಡು ಮಾರು ಹೋಗಿ ಸಗಣಿ ಗುಂಡಿ ಪಕ್ಕ ಧೊಪ್ಪನೆ ಬೀಳುತ್ತಾಳೆ. ಎದ್ದು ಮೈ ಕೊಡವಿಕೊಂಡು, ಒಬ್ಬಳೇ ನಗುತ್ತಾಳೆ. ಆಮೇಲೆ ಆ ನಗು ಹಾಗೇ ನಿಂತುಹೋಗುತ್ತೆ. ಕೊಟ್ಟಿಗೆಯ ಕಿಂಡಿಯಲ್ಲಿ ಒಂದು ಹುಡುಗಿಯ ಕಣ್ಣು.

ಸಿನಿಮಾ ಮುಗಿದು ಎಲ್ಲರೂ ಎದ್ದರೂ ನಿಮ್ಮವ್ವ ಗೋಡೆ ಬಿಟ್ಟು ಅಲುಗಲಿಲ್ಲ. ಹತ್ತಿರ ಹೋದೆ. ನನ್ನ ತೋಳು ಹಿಡಿದುಕೊಂಡರು, ಕೈ ತಣ್ಣಗಿತ್ತು. ‘ಯಾವಾಗ್ ನೋಡಿದ್ಲೇ ಸೀಲಾ? ಯಾರೂ ಇಲ್ಲ ಅನ್ಕಂಡಿದ್ನಲ್ಲವ್ವ’ ಅಂದರು. ‘ಮಂಡಿ ತರ್ಚಿತ್ತು ಕಣೇ. ಒಲೆ ಮುಂದ ಜಾರಿದೆ ಅಂತ ನಾಗು ಅಪ್ಪಂಗೆ ಸುಳ್ಳೇಳಿದ್ದೆ’ ಅಂದು ನಕ್ಕರು, ನಗುತ್ತಾ ಸೆರಗು ಬಾಯಿಗಿಟ್ಟುಕೊಂಡರು. ‘ಇದ ನೋಡಿದ್ದೋಳು ನನ್ನ ಒಂದ್ ಮಾತ್ ಕೇಳ್ಬಾರ್ದಾಗಿತ್ತಾ? ಇಷ್ಟ್ ವರ್ಸ ಹೊಟ್ಟೇಲಿ ಮಡಿಕ್ಕಂಡಿದ್ಲಾ?’ ನಾನು ಅವರನ್ನು ಬೆಂಚಿನ ಮೇಲೆ ಕೂರಿಸಿದೆ. ಮಂಜು ಪರದೆ ಮಡಚೋಕೆ ಹೋದಾಗ ತಲೆ ಎತ್ತಿ, ‘ಲೋ ಮಗ, ಮಡಚ್ಬ್ಯಾಡ. ನಾನ್ ಬೀಳಾದ್ನ ಇನ್ನೊಂದ್ ಕಿತ ಆಕು’ ಅಂದರು.

ಹಾಕಿದೆವು ನಾಗು. ನಿಮ್ಮವ್ವ, ನಾನು, ಮಂಜು, ಖಾಲಿ ಬೆಂಚುಗಳು. ಅವರು ಬೀಳೋ ಕಡೆ ಬಂದಾಗ ನನ್ನ ತೊಡೆ ಮೇಲೆ ಪಟ್ ಅಂತ ಹೊಡೆದು, ‘ನೋಡು, ನೋಡು’ ಅಂದರು.

ನಿನ್ನ,
ಸೀಲಾ